ಹುಚ್ಚವ್ವ ರೊಟ್ಟಿ ಬಿಟ್ಟಾಗ

ಸವಣೂರಿನ ಆ ಓಣಿಯಲ್ಲಿ ಹುಚ್ಚವ್ವನ ಕಣ್ಣಿನ ಮಾತು ಎಲ್ಲರಿಗೂ ಗೊತ್ತಿತ್ತು. ಅರವತ್ತಕ್ಕೆ ಹತ್ತಿರವಾದ ಹೆಂಗಸು ಚಸ್ಮಾ ಇಲ್ಲದೆ ಹೊಸ್ತಿಲ ಒಳಗೆ ಕೂತು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸುತ್ತಿದ್ದಳು. ಅವಳ ಕೆಲಸ ಕೌದಿ ಹೊಲಿಯುವುದು. ಉಟ್ಟು ಹಳೆಯದಾದ ಸೀರೆಗಳನ್ನು ಹೆಂಗಸರು ಗಂಟು ಕಟ್ಟಿ ತಂದು ಕೊಡುತ್ತಿದ್ದರು. ಅವಳು ಅವನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿನವರೆಗೆ ಹೊಲಿಯುತ್ತಿದ್ದಳು. ಹೊಲಿಗೆಗಳು ಅಕ್ಕಿಕಾಳು ಸಾಲಾಗಿ ಇಟ್ಟ ಹಾಗೆ ಇರುತ್ತಿದ್ದವು.

ಹಾಗೆ ನೋಡಿದರೆ ಅವಳಿಗೂ ಎಲ್ಲರಂತೆ ಹತ್ತಿರದ್ದು ಕಾಣದ ಚಾಳೀಸು ಬಂದಿತ್ತು. ಬಹಳ ವರ್ಷ ಸಂತೆಯಲ್ಲಿ ಕೊಂಡ ಚಸ್ಮಾ ಹಾಕಿಕೊಂಡೇ ಸೂಜಿ ಹಿಡಿಯುತ್ತಿದ್ದಳು. ಎರಡು ವರ್ಷದ ಹಿಂದೆ, ಯಾವಾಗ ಎಂದು ಸರಿಯಾಗಿ ಅವಳಿಗೂ ನೆನಪಿಲ್ಲ, ಚಸ್ಮಾ ಹಾಕಿದರೆ ಎಲ್ಲ ಕಲಸಿದಂತೆ ಆಗತೊಡಗಿತು, ತೆಗೆದರೆ ದಾರದ ಎಳೆ ಎಳೆಯೂ ಕಾಣುತ್ತಿತ್ತು. ದೇವರು ಕೊಟ್ಟದ್ದು ಎಂದುಕೊಂಡು ಆ ಚಸ್ಮಾವನ್ನು ಬೇಡಲು ಬಂದ ಮುದುಕಿಗೆ ಕೊಟ್ಟುಬಿಟ್ಟಳು. ಅದೇ ಹೊತ್ತಿಗೆ ದೂರದ ಮಂದಿಯ ಮುಖ ಮಸುಕಾಗಿತ್ತು. ಎದುರಿಗೆ ಬಂದು ಮಾತಾಡಿಸುವ ತನಕ ಯಾರೆಂದು ತಿಳಿಯುತ್ತಿರಲಿಲ್ಲ. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳ ಕೆಲಸ ದೂರದ್ದಲ್ಲ.

ಮನೆಯಲ್ಲಿ ಈಗ ಅವಳೊಬ್ಬಳೇ. ಮದುವೆಯಾಗಿ ಅಬಲೂರಿಗೆ ಹೋದವಳು ಗಂಡ ತೀರಿಕೊಂಡ ಮೇಲೆ ಸವಣೂರಿಗೆ, ಅಕ್ಕ ಸುಶೀಲವ್ವನ ಮನೆಗೆ ಬಂದಿದ್ದಳು. ಸುಶೀಲವ್ವನಿಗೂ ಮಕ್ಕಳಿರಲಿಲ್ಲ, ಗಂಡ ಬೇಗನೆ ಹೋಗಿದ್ದ. ಅಕ್ಕತಂಗಿಯರು ಇಬ್ಬರೇ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಒಲೆಯ ಮುಂದೆ ಕೂತರು. ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು. ಸುಶೀಲವ್ವನಿಗೆ ಸಕ್ಕರೆ ಬ್ಯಾನಿ ಇತ್ತು. ಕೊನೆಯ ಕೆಲವು ವರ್ಷ ಆ ಬ್ಯಾನಿ ಅವಳ ಕಣ್ಣನ್ನು ತಿಂದು ಹಾಕಿತು. ಅವಳು ಬಾಗಿಲಲ್ಲಿ ಕೂತು ಕೇಳುತ್ತಿದ್ದಳು:

"ಯಾರ ಹೋದ್ರು ಈಗ? ಯಾವ ಬಣ್ಣದ ಸೀರಿ ಉಟ್ಟಿದ್ಲು?"

ಹುಚ್ಚವ್ವ ಹೊಲಿಯುತ್ತಲೇ, ಮುಖ ತಿಳಿಯದಿದ್ದರೆ ಸೀರೆಯ ಬಣ್ಣವನ್ನಾದರೂ ಹೇಳುತ್ತಿದ್ದಳು. ಯಾರೂ ಹೋಗದಿದ್ದ ಮಧ್ಯಾಹ್ನಗಳಲ್ಲಿ ಸುಳ್ಳು ಹೇಳುತ್ತಿದ್ದಳು. ಗಿಳಿಹಸಿರು ಸೀರೆಯ ಹೆಂಗಸೊಬ್ಬಳು ಕೊಡ ಹೊತ್ತು ಹೋದಳು, ಸೆರಗು ಹರಿದಿದೆ, ಎಂದು. "ಪಾಪ, ಯಾರ ಮನಿ ಸೊಸಿನೋ," ಎನ್ನುತ್ತಿದ್ದಳು ಸುಶೀಲವ್ವ. ಆಮೇಲೆ ಒಂದು ದಿನ, "ನಿನ್ನ ಆ ಹಸಿರು ಸೀರಿಯಾಕಿ ಇವತ್ತ ಬರಲಿಲ್ಲೇನು?" ಎಂದು ಕೇಳಿ ತಾನೇ ನಕ್ಕಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

ಹೋದ ಶ್ರಾವಣದಲ್ಲಿ ಸುಶೀಲವ್ವ ತೀರಿಕೊಂಡಳು.

ಅದಾಗಿ ಕೆಲವು ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಮನೆಗೂ ಬಂದು ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಹುಚ್ಚವ್ವನ ಬೆರಳಿನ ರಕ್ತ ಇಟ್ಟ ಮಷೀನನ್ನು ಒಮ್ಮೆ ನೋಡಿ, ಮತ್ತೊಂದು ಬೆರಳು ಚುಚ್ಚಿ ಮತ್ತೆ ನೋಡಿದಳು.

"ಅಮ್ಮಾ, ಮುನ್ನೂರು ದಾಟೈತ್ರಿ. ನೀರಡಿಕಿ ಭಾಳ ಆಗತೈತೇನು?"

"ಬ್ಯಾಸಗಿ ಬಂತಲ್ಲ, ಯಾರಿಗೆ ಆಗಂಗಿಲ್ಲ?"

"ಬ್ಯಾಸಗಿ ಇನ್ನೂ ದೂರ ಐತ್ರಿ," ಎಂದಳು ಆ ಹುಡುಗಿ.

ಸರಕಾರಿ ದವಾಖಾನೆಯಲ್ಲಿ ಗುಳಿಗೆ ಕೊಟ್ಟರು. ಅನ್ನ, ರೊಟ್ಟಿ ಕಡಿಮೆ ಮಾಡಿರಿ, ಸಿಹಿ ಮುಟ್ಟಬೇಡಿರಿ ಎಂದರು. ಹುಚ್ಚವ್ವ ತಲೆಯಾಡಿಸಿ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲ. ಅಕ್ಕನಿಗೆ ತಾನಿದ್ದೆ. ತಟ್ಟೆಯಲ್ಲಿ ಪಲ್ಯ ಯಾವ ಕಡೆ ಇದೆ, ಮೆಟ್ಟಿಲು ಎಲ್ಲಿದೆ, ಓಣಿಯಲ್ಲಿ ಯಾವ ಸೀರೆ ಹೋಯಿತು, ಎಲ್ಲ ಹೇಳಲು ತಾನಿದ್ದೆ. ತನ್ನ ಕಣ್ಣು ಹೋದರೆ ಕೈ ಹಿಡಿಯುವವರು ಯಾರು? ಆ ಒಂದು ಪ್ರಶ್ನೆ ಎದೆಯ ಮೇಲೆ ಬೀಸುಕಲ್ಲಿನಂತೆ ಕೂತಿತು.

ಹಾನಗಲ್ಲಿನಲ್ಲಿ ಅವಳ ತಮ್ಮನ ಮಗಳು ಭಾಗ್ಯಶ್ರೀ ಇದ್ದಳು. ತಮ್ಮ ಈಗಿಲ್ಲ. ಆ ಹುಡುಗಿ ಗಂಡನ ಮನೆಯಲ್ಲಿ ಚಿಕ್ಕ ಕೂಸು ಕಟ್ಟಿಕೊಂಡು ಬರಲು ಆಗದೆ ಫೋನಿನಲ್ಲೇ ಅತ್ತೆಯ ಯೋಗಕ್ಷೇಮ ಕೇಳುತ್ತಿದ್ದಳು. ಅವಳು ಒಂದು ವಿಡಿಯೊ ಕಳಿಸಿದಳು. ಅದರಲ್ಲಿ ಒಬ್ಬರು ಸಕ್ಕರೆ ಕಡಿಮೆ ಆಗಬೇಕಾದರೆ ರೊಟ್ಟಿ, ಅನ್ನ, ಗೋದಿ, ರವೆ ಎಲ್ಲ ಬಿಡಿರಿ, ಕಾಳು, ಸೊಪ್ಪು, ಮೊಸರು, ಶೇಂಗಾ ತಿನ್ನಿರಿ ಎಂದು ಹೇಳುತ್ತಿದ್ದರು.

"ಸ್ವಲ್ಪ ಸ್ವಲ್ಪ ಕಡಿಮಿ ಮಾಡ ಅತ್ತಿ," ಎಂದಿದ್ದಳು ಭಾಗ್ಯಶ್ರೀ. ಹುಚ್ಚವ್ವನಿಗೆ ಸ್ವಲ್ಪ ಸ್ವಲ್ಪ ಎನ್ನುವುದು ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಹಂಚನ್ನು ತಿಕ್ಕಿ ತೊಳೆದು ಗೋಡೆಗೆ ಆನಿಸಿ ಇಟ್ಟಳು. ಡಬ್ಬಿಯಲ್ಲಿದ್ದ ಜೋಳದ ಹಿಟ್ಟನ್ನು ಪಕ್ಕದ ಮನೆಯ ಶಾಹೀನಳಿಗೆ ಕೊಟ್ಟುಬಂದಳು. ಅಂದಿನಿಂದ ಹೆಸರುಕಾಳು ಉಸುಳಿ, ಮೆಂತೆ ಪಲ್ಯ, ಮಜ್ಜಿಗೆ.

ಹೊಟ್ಟೆಗೆ ಹೊಂದಿಕೊಳ್ಳಲು ತಡವಾಗಲಿಲ್ಲ. ಕಷ್ಟವಾದದ್ದು ಬೇರೆ. ಸಂಜೆ ಓಣಿಯ ಎಲ್ಲ ಮನೆಗಳಿಂದ ರೊಟ್ಟಿ ತಟ್ಟುವ ಸಪ್ಪಳ ಬರುತ್ತಿತ್ತು. ಒಂದು ಮನೆಯಲ್ಲಿ ಬೇಗ ಬೇಗ, ಒಂದು ಮನೆಯಲ್ಲಿ ಸಾವಕಾಶ, ಯಾರು ತಟ್ಟುತ್ತಿದ್ದಾರೆ ಎಂದು ಕೈಯ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು. ಅವಳ ಮನೆಯೊಂದೇ ಸುಮ್ಮನಿತ್ತು. ಉಣ್ಣುವ ಹೊತ್ತಿಗೆ ಯಾರ ಮನೆಗೂ ಹೋಗುವಂತಿರಲಿಲ್ಲ. ಹೋದರೆ ರೊಟ್ಟಿ ಮುಂದಿಡುತ್ತಾರೆ, ಒಲ್ಲೆ ಎಂದರೆ ಮುನಿಯುತ್ತಾರೆ. ಒಂದು ಮದುವೆಗೆ ಹೋಗಿ ಅಕ್ಷತೆ ಹಾಕಿ, ಊಟದ ಪಂಕ್ತಿ ಕೂರುವ ಮೊದಲೇ ಎದ್ದು ಬಂದಳು. "ಹುಚ್ಚವ್ವಗ ಈಗ ನಮ್ಮ ಊಟ ಸೇರಂಗಿಲ್ಲಂತ," ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು.

ಆಶಾ ಹುಡುಗಿ ಮತ್ತೆ ಬಂದು ಬೆರಳು ಚುಚ್ಚಿದಾಗ ಸಕ್ಕರೆ ಅರ್ಧಕ್ಕೆ ಇಳಿದಿತ್ತು. "ಭೇಷ್ ರೀ!" ಎಂದಳು. ಹುಚ್ಚವ್ವ ಅದೊಂದು ದಿನ ನಿಶ್ಚಿಂತೆಯಿಂದ ಮಲಗಿದಳು.

ಅದೇ ವಾರದಲ್ಲಿ ಸೂಜಿಯ ಕಣ್ಣು ಕಾಣದಾಯಿತು.

ಮೊದಲು ದಾರದ ತಪ್ಪು ಎಂದುಕೊಂಡಳು, ತುದಿ ಕತ್ತರಿಸಿದಳು. ಆಮೇಲೆ ಬೆಳಕಿನ ತಪ್ಪು ಎಂದುಕೊಂಡಳು, ಅಂಗಳಕ್ಕೆ ಬಂದು ಕೂತಳು. ದಾರ ಸೂಜಿಯ ಈಚೆಗೂ ಆಚೆಗೂ ಹೋಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಬೆಳಗಿನಿಂದ ಬಿಸಿಲು ಏರುವ ತನಕ ಪೋಣಿಸುವುದರಲ್ಲೇ ಹೋಯಿತು. ಹೇಗೋ ಪೋಣಿಸಿ ಹೊಲಿಯತೊಡಗಿದರೆ ಹೊಲಿಗೆಯ ಸಾಲು ಎತ್ತು ತಪ್ಪಿದ ಕೂರಿಗೆಯ ಸಾಲಿನ ಹಾಗೆ ಸೊಟ್ಟ ಹೋಯಿತು. ಬಿಚ್ಚಿದಳು, ಮತ್ತೆ ಹೊಲಿದಳು. ತನ್ನ ಅಂಗೈಯನ್ನೇ ಮುಖದ ಹತ್ತಿರ ಹಿಡಿದರೆ ಗೆರೆಗಳು ಕರಗಿ ಹೋಗಿದ್ದವು.

ಸುಶೀಲವ್ವನಿಗೂ ಹೀಗೆಯೇ ಶುರುವಾಗಿತ್ತಲ್ಲ, ಎಂದು ನೆನಪಾಗಿ ಹುಚ್ಚವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟುಬಿಟ್ಟಳು. ಅಕ್ಕನಾದರೂ ರೊಟ್ಟಿ ತಿಂದು ಕಣ್ಣು ಕಳಕೊಂಡಳು. ತಾನು ರೊಟ್ಟಿ ಬಿಟ್ಟೂ ಕಳಕೊಳ್ಳುವುದಾದರೆ ಬಿಟ್ಟದ್ದು ಯಾಕೆ?

ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊಲಿಯಲು ಗಂಟು ತರುವವರು ನಿಲ್ಲಿಸುತ್ತಾರೆ, ಗಂಟು ತರುವ ನೆವದಲ್ಲಿ ಅರ್ಧ ತಾಸು ಕೂತು ಮಾತಾಡುವವರೂ ನಿಲ್ಲುತ್ತಾರೆ. ಆಗ ಅವಳ ಕೈಯಲ್ಲಿದ್ದುದು ಶಾಹೀನಳ ಕೌದಿ. ಶಾಹೀನಳ ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಬರುವ ಕೂಸಿಗೆಂದು ಅಜ್ಜಿಯ ಹಳೆಯ ಓಢಣಿಗಳನ್ನು ಕೊಟ್ಟು ಹೊಲಿಯಲು ಹೇಳಿದ್ದರು. ಉಳಿದದ್ದನ್ನು ಹುಚ್ಚವ್ವ ಕಣ್ಣಿಗಿಂತ ಬೆರಳಿನಿಂದ ಮುಗಿಸಿದಳು. ನಡುವಿನ ಒಂದು ಚೌಕ ಮಾತ್ರ ಉಳಿಯಿತು.

ಆ ಚೌಕವನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ. ಅದನ್ನು ಹೊಲಿಯುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು, ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಇಷ್ಟು ವರ್ಷ ಅವಳು ಹೊಲಿದ ಒಂದು ಕೌದಿಯೂ ಹಸಿದು ಹೋಗಿರಲಿಲ್ಲ. ಹುಚ್ಚವ್ವ ಎದ್ದು ಒಲೆಯ ಕಡೆ ನೋಡಿದಳು. ಮನೆಯಲ್ಲಿ ರೊಟ್ಟಿ ಎಲ್ಲಿದೆ? ಹಿಡಿ ಹಿಟ್ಟೂ ಇರಲಿಲ್ಲ.

ಕೌದಿಯನ್ನು ಬಗಲಲ್ಲಿ ಇಟ್ಟುಕೊಂಡು ಪಕ್ಕದ ಮನೆಗೆ ಹೋದಳು. ಶಾಹೀನ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು.

"ಶಾಹೀನ, ಒಂದು ಚೂರು ರೊಟ್ಟಿ ಕೊಡ."

ಶಾಹೀನ ತಟ್ಟುವ ಕೈ ನಿಲ್ಲಿಸಿದಳು. "ಅಲ್ಲಾ! ಕೇಳಿದ್ಯಾ ಬೇಟಿ? ಹುಚ್ಚವ್ವಕ್ಕ ರೊಟ್ಟಿ ಕೇಳಾಕತ್ತಾಳ!" ಎಂದು ಒಳಗಿದ್ದ ಮಗಳಿಗೆ ಕೂಗಿದಳು. "ಒಂದು ತಿಂಗಳಾತು, ನಮ್ಮ ಮನಿ ನೀರೂ ಮುಟ್ಟಿಲ್ಲ ಈಕಿ. ಇವತ್ತ ಸೂರ್ಯ ಯಾವ ಕಡೆ ಹುಟ್ಟ್ಯಾನ ನೋಡ."

"ನನಗಲ್ಲವ್ವ, ಕೌದಿಗೆ."

"ಕೌದಿಗೆ ಕೊಡ್ತೇನಿ. ಆದ್ರ ಕೌದಿ ಹೊಲ್ದಾಕಿ ಉಪವಾಸ ಕುಂತ್ರ ಆ ಕೌದಿ ಹೊಟ್ಟಿ ಹೆಂಗ ತುಂಬತೈತಿ? ಕುಂಡ್ರು."

"ಬ್ಯಾಡ ಶಾಹೀನ, ನನಗ ಸಕ್ಕರಿ…"

"ನನ್ನ ರೊಟ್ಟ್ಯಾಗ ಸಕ್ಕರಿ ಹಾಕಿಲ್ಲಕ್ಕ, ಉಪ್ಪ ಹಾಕೇನಿ. ಕುಂಡ್ರಂದ್ರ ಕುಂಡ್ರು. ಕನ್ನಡ್ಯಾಗ ಮಾರಿ ನೋಡ್ಕೊಂಡಿಯೇನು? ನಿನ್ನ ಗಲ್ಲದಾಗ ಎರಡು ಲಿಂಬಿಹಣ್ಣು ಇಡಬಹುದು."

ಮಗಳು ಒಳಗಿನಿಂದ ಕಿಸಕ್ಕನೆ ನಕ್ಕಳು. ಹುಚ್ಚವ್ವ ಕೂತಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮೇಲೆ ಗಟ್ಟಿ ಮೊಸರು ತಟ್ಟೆಗೆ ಬಂತು. ಮೊದಲ ತುತ್ತನ್ನು ಅವಳು ಬಹಳ ಹೊತ್ತು ಅಗಿದಳು. ಅದು ರುಚಿಗಲ್ಲ. ಯಾರದೋ ತಟ್ಟೆಯ ಪಕ್ಕದಲ್ಲಿ ತನ್ನ ತಟ್ಟೆ ಇಟ್ಟುಕೊಂಡು ಉಂಡು ಎಷ್ಟು ದಿನವಾಗಿತ್ತೋ. ಎರಡು ರೊಟ್ಟಿ ಉಂಡಳು, ಮೂರನೆಯದನ್ನೂ ಬೇಡ ಎನ್ನಲಿಲ್ಲ. ಉಂಡಾದ ಮೇಲೆ ರೊಟ್ಟಿಯ ಚೂರನ್ನು ಕೌದಿಯ ಹೊಟ್ಟೆಯಲ್ಲಿಟ್ಟು ಅಲ್ಲೇ ಕೂತು ಹೊಲಿದಳು. ದಾರ ಪೋಣಿಸಿ ಕೊಡು ಎಂದು ಶಾಹೀನಳ ಮಗಳಿಗೆ ಕೇಳುವಾಗ, "ಕೈ ಎಣ್ಣಿ ಆಗ್ಯಾವ," ಎಂದು ನೆವ ಹೇಳಿದಳು.

ಮರುದಿನ ಶಾಹೀನ ರೊಟ್ಟಿ ಕಳಿಸಿದಳು. ಅದರ ಮರುದಿನ ಹುಚ್ಚವ್ವ ತಾನೇ ಹಿಟ್ಟು ತಂದು ಹಂಚು ಇಟ್ಟಳು. ಬಾಯಿ ಬಿಟ್ಟದ್ದಾಗಿತ್ತು, ಕಟ್ಟಲು ಮನಸ್ಸಾಗಲಿಲ್ಲ. ಗುಳಿಗೆಯ ಮೇಲೂ ಅನುಮಾನ ಬಂದು ಅವನ್ನೂ ನಿಲ್ಲಿಸಿದಳು. ಕಣ್ಣು ಹೇಗೂ ಹೋಗುತ್ತದೆ, ಉಂಡಾದರೂ ಹೋಗಲಿ ಎಂದುಕೊಂಡಳು.

ಆದರೆ ಕಣ್ಣು ಹೋಗಲಿಲ್ಲ, ಮರಳಿ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ದಾರ ತಾನಾಗಿ ಸೂಜಿಯೊಳಗೆ ಹೋಯಿತು. ಹುಚ್ಚವ್ವ ಅದನ್ನು ಹೊರಗೆ ಎಳೆದು ಮತ್ತೆ ಪೋಣಿಸಿದಳು. ಮತ್ತೆ ಹೋಯಿತು. ಅಂಗೈಯ ಗೆರೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅವಳ ಲೆಕ್ಕ ಸ್ಪಷ್ಟವಾಗಿತ್ತು. ಜೋಳ ಬಿಟ್ಟಳು, ಕಣ್ಣು ಮಂಜಾಯಿತು. ಜೋಳ ಉಂಡಳು, ಕಣ್ಣು ತಿಳಿಯಾಯಿತು. ಇದರಲ್ಲಿ ಯಾವ ಡಾಕ್ಟರನ್ನು ಕೇಳಬೇಕು?

ಭಾಗ್ಯಶ್ರೀಗೆ ತಾನೇ ಫೋನು ಹಚ್ಚಿದಳು.

"ನಿನ್ನ ವಿಡಿಯೊ ನನ್ನ ಕಣ್ಣು ತಗದಿತ್ತವ್ವ. ನಮ್ಮ ಜ್ವಾಳ ತಿರುಗಿ ಕೊಟ್ಟಿತು."

"ಅತ್ತಿ, ಗುಳಿಗಿ ತಗೊಳಾಕತ್ತಿಯಿಲ್ಲ?"

"ಕೂಸು ಹೆಂಗೈತಿ?" ಎಂದಳು ಹುಚ್ಚವ್ವ.

"ಬಿಟ್ಟಿಯೇನು? ಅತ್ತೀ! ದೊಡ್ಡತ್ತಿ ಕಣ್ಣು ಹೆಂಗ ಹೋದ್ವು ಅನ್ನೂದು ಮರತಿಯೇನು?"

"ನಿಮ್ಮ ದೊಡ್ಡತ್ತಿಗೆ ಸೂಜಿ ಕಾಣತಿದ್ದಿಲ್ಲ. ನನಗ ಕಾಣತೈತಿ."

"ಹಂಗಾರ ಕಣ್ಣಿನ ಡಾಕ್ಟರಿಗೆ ಅದನ್ನ ಹೇಳಿ ಬಾ ಹೋಗು. ಅವರು ಕಣ್ಣು ಚೊಲೊ ಅದಾವ ಅಂದ್ರ ನಾ ಬಾಯಿ ಮುಚ್ಚತೇನಿ. ನೀ ಹೋಗಿ ಬರೂತನ ನಾ ಉಣ್ಣಂಗಿಲ್ಲ ನೋಡು."

"ಕೂಸಿಗೆ ಹಾಲು ಕುಡಿಸೂ ಹೆಣ್ಣಮಗಳು, ಹಂಗೆಲ್ಲ ಅನಬ್ಯಾಡ," ಎಂದು ಹುಚ್ಚವ್ವ ಗದರಿದಳು. ಆದರೆ ಮರುದಿನವೇ ಶಿಗ್ಗಾಂವಿಯ ಬಸ್ಸು ಹತ್ತಿದಳು. ಹೆದರಿಕೆಯಿಂದ ಹೋಗಲಿಲ್ಲ, ಗೆದ್ದು ಬರುತ್ತೇನೆಂದು ಹೋದಳು.

ಶಿಗ್ಗಾಂವಿಯ ಕಣ್ಣಿನ ದವಾಖಾನೆಯಲ್ಲಿ ಮೊದಲು ಬೆರಳು ಚುಚ್ಚಿದರು, ಆಮೇಲೆ ಕಣ್ಣಿಗೆ ಔಷಧ ಬಿಟ್ಟು ಬಾಕಿನ ಮೇಲೆ ಕೂರಿಸಿದರು. "ಕಣ್ಣು ಮುಚ್ಚಿಕೊಂಡು ಕುಂಡ್ರಿ. ನಿಮ್ಮ ಜೊತಿ ಯಾರು ಬಂದಾರ?" ಎಂದು ನರ್ಸ್ ಕೇಳಿದಳು.

"ಯಾರೂ ಬಂದಿಲ್ರಿ."

ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಬಂದು ಮತ್ತೆ ಔಷಧ ಬಿಟ್ಟಳು. "ಅಜ್ಜಿ, ಜೊತಿಗೆ ಯಾರದಾರ?"

"ಯಾರೂ ಇಲ್ಲವ್ವ."

ಸಾಲಿನಲ್ಲಿದ್ದ ಉಳಿದವರ ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರು. ಕಣ್ಣು ಮುಚ್ಚಿಕೊಂಡ ಹುಚ್ಚವ್ವನಿಗೆ ಅವರ ಪಿಸುಮಾತು ಮಾತ್ರ ಕೇಳುತ್ತಿತ್ತು. "ಈಗ ನಿಮ್ಮ ಪಾಳಿ ಯವ್ವ," "ನೀರ ಕುಡೀತೀ ಏನು?" ಯಾರು ಎದ್ದರು, ಯಾರು ಕೂತರು ಎಂದು ಹೇಳುವವರಿರಲಿಲ್ಲ. ಸುಶೀಲವ್ವ ವರ್ಷಗಟ್ಟಲೆ ಹೀಗೆ ಕೂತಿದ್ದಳು ಎಂಬುದು ಅವಳಿಗೆ ಅಂದು ಮೊದಲ ಸಲ ಮೈಗೆ ತಿಳಿಯಿತು.

ಡಾಕ್ಟರು ನಡುವಯಸ್ಸಿನ ಹೆಂಗಸು. ದೀಪ ಹಿಡಿದು ಎರಡೂ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಹುಚ್ಚವ್ವ ಹೊಲಿಗೆಯ ಕತೆ, ರೊಟ್ಟಿಯ ಕತೆ, ಸೂಜಿಯ ಕತೆ ಎಲ್ಲ ಹೇಳಿದಳು. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು.

"ನೀವು ಹೇಳಿದ್ದೆಲ್ಲ ಖರೇ ಐತ್ರಿ," ಎಂದರು ಕೊನೆಗೆ. "ರೊಟ್ಟಿ ಬಿಟ್ಟಾಗ ಮಂಜಾಗಿದ್ದೂ ಖರೇ, ತಿಂದಾಗ ಕಂಡಿದ್ದೂ ಖರೇ. ಆದ್ರ ಅರ್ಥ ತಿರುವುಮುರುವು ಆಗೈತಿ. ಕಣ್ಣಿನ ಒಳಗ ಚಸ್ಮಾದ ಗಾಜಿನಂಥದ್ದು ಒಂದು ಸಣ್ಣ ಭಿಂಗ ಇರತೈತಿ. ರಕ್ತದಾಗ ಸಕ್ಕರಿ ಏರಿದ್ರ ಅದು ನೀರು ಹೀರಿ ಉಬ್ಬತೈತಿ. ಉಬ್ಬಿದಾಗ ಹತ್ತರದ್ದು ಚೊಲೊ ಕಾಣತೈತಿ, ದೂರದ್ದು ಮಸಕ. ನೀವು ಚಸ್ಮಾ ಬಿಟ್ಟಿದ್ದು ಆವಾಗ. ರೊಟ್ಟಿ ಬಿಟ್ಟು ಸಕ್ಕರಿ ಒಮ್ಮೆಲೆ ಇಳಿದ ಮ್ಯಾಲ ಅದು ತನ್ನ ಮೊದಲಿನ ಆಕಾರಕ್ಕ ಬರಾಕತ್ತಿತ್ತು, ದೂರದ್ದು ತಿಳಿ ಆಗಿ ನಿಮ್ಮ ಹಳೆ ಚಾಳೀಸು ತಿರುಗಿ ಬಂತು, ಅದಕ್ಕ ಸೂಜಿ ಕಾಣಲಿಲ್ಲ. ಮತ್ತ ರೊಟ್ಟಿ ತಿಂದು ಗುಳಿಗಿ ಬಿಟ್ರಿ, ಮತ್ತ ಉಬ್ಬಿತು."

ಹುಚ್ಚವ್ವ ಬೆರಳು ಮಡಿಚಿ ಒಂದೊಂದನ್ನೇ ಲೆಕ್ಕ ಹಾಕಿದಳು: ಚಸ್ಮಾ, ರೊಟ್ಟಿ, ಗುಳಿಗೆ.

"ಅಂದ್ರ… ನನ್ನ ಕಣ್ಣು ಚೊಲೊ ಆಗಿದ್ದ ರೋಗ ಏನ್ರಿ?"

"ಹೌದ್ರಿ."

ಓಣಿಯವರೆಲ್ಲ ಹೊಗಳಿದ ಕಣ್ಣು. ದೇವರು ಕೊಟ್ಟದ್ದೆಂದು ತಾನು ಚಸ್ಮಾ ದಾನ ಮಾಡಿದ ಕಣ್ಣು. ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಇನ್ನೊಂದು ಮಾತು," ಎಂದರು ಡಾಕ್ಟರು. "ಕಣ್ಣಿನ ಹಿಂದಿನ ಪರದೆ ಮ್ಯಾಲ ಸಣ್ಣ ಸಣ್ಣ ರಕ್ತದ ಚುಕ್ಕಿ ಶುರು ಆಗ್ಯಾವ. ಈಗ ಸ್ವಲ್ಪ ಅದಾವ. ಸಕ್ಕರಿ ಹಿಂಗ ಉಳದ್ರ ಹೆಚ್ಚಾಗತಾವ. ನಿಮ್ಮ ಅಕ್ಕಗ ಆಗಿದ್ದು ಅದ."

"ಹಂಗಾರ ಇವತ್ತಿನಿಂದ ರೊಟ್ಟಿ ಮುಟ್ಟಂಗಿಲ್ರಿ."

"ಅದನ್ನ ಮಾಡಬ್ಯಾಡ್ರಿ ಅಂತೇನಿ!" ಡಾಕ್ಟರು ನಕ್ಕರು. "ನಿಮ್ಮದು ಒಂದೋ ಪೂರಾ, ಇಲ್ಲಾಂದ್ರ ಏನೂ ಇಲ್ಲ. ಸಕ್ಕರಿ ಭಾಳ ದಿನ ಏರಿದ್ದವರಿಗೆ ಒಮ್ಮೆಲೆ ಇಳಿಸಿದ್ರೂ ಆ ಪರದೆಗೆ ತ್ರಾಸ ಆಗೂದುಂಟು. ಊಟಕ್ಕ ಒಂದು ರೊಟ್ಟಿ, ಜೊತಿಗೆ ಕಾಳು, ಪಲ್ಯ. ಗುಳಿಗಿ ತಪ್ಪಸಬ್ಯಾಡ್ರಿ. ನಿಮ್ಮೂರ ಡಾಕ್ಟರಿಗೂ ಚೀಟಿ ಬರದು ಕೊಡತೇನಿ."

"ಸೂಜಿ ರೀ?"

"ಸೂಜಿ ಮತ್ತ ಕಾಣದಂಗ ಆಗತೈತಿ. ಆಗಲಿ, ಹೆದರಬ್ಯಾಡ್ರಿ. ಸಕ್ಕರಿ ಒಂದು ಕಡೆ ನಿಂತು ತಿಂಗಳು, ಒಂದೂವರಿ ತಿಂಗಳು ಆಗೂತನ ಚಸ್ಮಾ ಮಾಡಸಬ್ಯಾಡ್ರಿ, ಮಾಡಸಿದ್ರ ಆ ನಂಬರು ಉಳಿಯಂಗಿಲ್ಲ. ಅಲ್ಲೀತನ ಸೂಜಿ ಬದಿಗಿಡ್ರಿ."

ಹೊರಗೆ ಬಂದರೆ ಔಷಧದಿಂದ ಅರಳಿದ ಕಣ್ಣಿಗೆ ಬಿಸಿಲು ಸುಣ್ಣ ಎರಚಿದಂತೆ ಬಡಿಯಿತು. ಬಸ್ ಸ್ಟ್ಯಾಂಡಿನಲ್ಲಿ ಹೆದ್ದಾರಿಯ ಬಸ್ಸುಗಳು ಬಂದು ಹೋಗುತ್ತಿದ್ದವು, ಒಂದರ ಬೋರ್ಡೂ ತಿಳಿಯಲಿಲ್ಲ. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಪ್ರತಿ ಬಸ್ಸಿಗೂ, "ಸವಣೂರಿಗೆ ಹೋಗತೈತೇನ್ರಿ?" ಎಂದು ಕೇಳಿದಳು. ಒಬ್ಬ ಹುಡುಗ, "ಬೋರ್ಡ್ ಅದಲ್ಲಬೇ, ಓದಾಕ ಬರಂಗಿಲ್ಲೇನು?" ಎಂದ. ಅವಳು ನಾಲ್ಕನೆಯ ಇಯತ್ತೆ ಕಲಿತಿದ್ದಳು. ಆದರೂ, "ಇಲ್ಲಪ್ಪ," ಎಂದಳು. ಅಷ್ಟು ದೊಡ್ಡ ಕತೆಯನ್ನು ಅಲ್ಲಿ ಯಾರಿಗೆ ಹೇಳುವುದು?

ಆಮೇಲಿನ ದಿನಗಳು ಉದ್ದವಾದವು. ಡಾಕ್ಟರು ಹೇಳಿದಂತೆಯೇ ಆಯಿತು. ಒಂದು ರೊಟ್ಟಿ, ಕಾಳು, ಗುಳಿಗೆ, ಮತ್ತು ನಿಧಾನವಾಗಿ ಹತ್ತಿರದ್ದೆಲ್ಲ ಕರಗತೊಡಗಿತು. ಈ ಸಲ ಹೆದರಿಕೆ ಕಡಿಮೆ ಇತ್ತು, ಆದರೆ ಕೈಗಳಿಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಕಸ ಗುಡಿಸಿ, ನೀರು ತುಂಬಿ, ಬಾಗಿಲಲ್ಲಿ ಕೂತರೆ ಬೆರಳುಗಳು ತಾವಾಗಿ ಸೆರಗಿನ ಅಂಚನ್ನು ಮಡಿಚುತ್ತಿದ್ದವು, ಬಿಚ್ಚುತ್ತಿದ್ದವು. ಅಕ್ಕ ಹೋದ ಮೇಲೆ ಮನೆಯಲ್ಲಿ ಮಾತಿರಲಿಲ್ಲ ಎಂದು ಅವಳು ತಿಳಿದಿದ್ದಳು. ಹಾಗಲ್ಲ, ಸೂಜಿ ಇತ್ತು. ಬಟ್ಟೆಯೊಳಗೆ ಹೋಗಿ ಬರುವ ಅದರ ಸಣ್ಣ ಸಪ್ಪಳವೇ ಮಾತಿನಂತಿತ್ತು. ಈಗ ಅದೂ ಇರಲಿಲ್ಲ.

ಒಂದು ದಿನ ಒಬ್ಬ ಹೆಣ್ಣುಮಗಳು ಯಲವಿಗಿಯಲ್ಲಿ ರೈಲು ಇಳಿದು, ಟಂಟಂ ಆಟೋ ಹಿಡಿದು, ದೊಡ್ಡ ಗಂಟು ಹೊತ್ತು ಬಂದಳು. ಗಂಟು ಬಿಚ್ಚಿ ತಾಯಿಯ ಇಲಕಲ್ಲ ಸೀರೆ ತೆಗೆದಳು.

"ಯವ್ವಾ, ನಿಮ್ಮ ಕೈಯಾಗ ಹೊಲಸಬೇಕಂತ ಅಷ್ಟು ದೂರದಿಂದ ಬಂದೇನ್ರಿ. ನಮ್ಮ ಅತ್ತಿ ಹೇಳಿದ್ರು, ಸವಣೂರಾಗ ಒಬ್ಬಾಕಿ ಅದಾಳ, ಚಸ್ಮಾ ಹಾಕಲಾರದ ಇರುವಿ ಹೆಜ್ಜಿಯಂಥ ಹೊಲಿಗಿ ಹಾಕತಾಳ ಅಂತ."

ಹುಚ್ಚವ್ವ ಸೀರೆಯ ಮೇಲೆ ಕೈಯಾಡಿಸಿದಳು. ಸೆರಗಿನ ಕೆಂಪು ಅವಳಿಗೆ ಬರೀ ಒಂದು ಕೆಂಪು ಮಬ್ಬು. ಏನು ಮಾಡಿದರೆ ಇದು ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ವಾರ ಗುಳಿಗೆ ಮರೆತು, ಹೊಟ್ಟೆ ತುಂಬ ರೊಟ್ಟಿ, ಅನ್ನ ಉಂಡರೆ ಸಾಕು. ಇರುವೆಯ ಹೆಜ್ಜೆ ಮರಳಿ ಬರುತ್ತದೆ. ಈ ಹೆಣ್ಣುಮಗಳು ನೋಡಲು ಬರುತ್ತಾಳೆ, ಕೂರುತ್ತಾಳೆ, ತಾಯಿಯ ಕತೆ ಹೇಳುತ್ತಾಳೆ. ಕಣ್ಣಿನ ಹಿಂದಿನ ಚುಕ್ಕಿಗಳು ಯಾರಿಗೆ ಕಾಣುತ್ತವೆ?

ಅವಳು ಸೀರೆಯನ್ನು ತಾನೇ ಮಡಿಚಿ ಗಂಟು ಕಟ್ಟಿದಳು.

"ಈಗ ಆಗಂಗಿಲ್ಲ ತಂಗಿ. ಕಣ್ಣು ಕಾಣವಲ್ಲವು."

"ಯಾವಾಗ ಬರ್ಲಿ ಹಂಗಾರ?"

"ನನಗೂ ಗೊತ್ತಿಲ್ಲ. ಬಂಕಾಪುರದಾಗೂ ಹೊಲಿಯೋರು ಅದಾರ, ಅಲ್ಲಿ ಕೇಳಿ ನೋಡು."

ಹೆಣ್ಣುಮಗಳು ಗಂಟು ಹೊತ್ತು ಓಣಿಯ ತುದಿ ಮುಟ್ಟುವ ತನಕ ಹುಚ್ಚವ್ವ ನೋಡಿದಳು. ಅಲ್ಲಿ ತಿರುವಿನಲ್ಲಿ ಗಂಟನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದ್ದೂ ಕಂಡಿತು.

ಅದೇ ತಿಂಗಳು ಶಾಹೀನಳ ಮಗಳು ಹೆತ್ತಳು, ಹೆಣ್ಣು ಕೂಸು. ಹುಚ್ಚವ್ವ ನೋಡಲು ಹೋದಳು. ಶಾಹೀನ ಕೂಸನ್ನು ಕೌದಿಯಲ್ಲಿ ಸುತ್ತಿ ತಂದು ಅವಳ ಮಡಿಲಲ್ಲಿಟ್ಟಳು. "ನೋಡಕ್ಕ, ಮೂಗು ಯಾರದು? ಅವರಪ್ಪಂದೋ ನನ್ನ ಮಗಳದೋ? ಇಲ್ಲಿ ದೊಡ್ಡ ಜಗಳ ನಡದೈತಿ."

ಹುಚ್ಚವ್ವ ಬಾಗಿ ನೋಡಿದಳು. ಬೆಚ್ಚಗಿನ ಭಾರವಿತ್ತು, ಹಾಲಿನ ವಾಸನೆಯಿತ್ತು, ಮುಖವಿರಲಿಲ್ಲ. ಮುಖವಿರಬೇಕಾದ ಜಾಗದಲ್ಲಿ ಗೋದಿಬಣ್ಣದ ಒಂದು ಮಬ್ಬಿತ್ತು. "ನಿಂದ ಮೂಗು," ಎಂದಳು, ಏನಾದರೂ ಹೇಳಬೇಕಲ್ಲ ಎಂದು.

"ಕೇಳ್ರಿಲ್ಲೆ! ಮೂರನೆ ಮೂಗು ಬಂತು ಈಗ," ಎಂದು ಶಾಹೀನ ನಗುತ್ತ ಕೂಸನ್ನು ಎತ್ತಿಕೊಂಡು ಆಚೆ ಗೋಡೆಯ ತೊಟ್ಟಿಲ ಕಡೆ ಹೋದಳು. ಅಲ್ಲಿಗೆ ಹೋದ ಮೇಲೆ ಹುಚ್ಚವ್ವನಿಗೆ ಕೂಸು ಕಂಡಿತು. ಕಣ್ಣು, ಹುಬ್ಬು, ತೆರೆದ ಬಾಯಿ, ನಿಜವಾಗಿಯೂ ಅಜ್ಜಿಯಂತೆಯೇ ಇದ್ದ ಮೊಂಡು ಮೂಗು. ಅವಳು ಕೂತಲ್ಲಿಂದ ಏಳದೆ ನೋಡಿದಳು. ಹತ್ತಿರ ಹೋದರೆ ಮತ್ತೆ ಕಳೆದುಹೋಗುತ್ತದೆ ಎಂದು ಗೊತ್ತಿತ್ತು.

"ಬಾ ಅಕ್ಕ, ತೂಗು ಬಾ," ಎಂದಳು ಶಾಹೀನ.

"ಇಲ್ಲೇ ಇರ್ತೇನಿ," ಎಂದಳು ಹುಚ್ಚವ್ವ.

ಚಳಿ ಮುಗಿದು ಬಿಸಿಲು ಏರತೊಡಗಿದಾಗ ಆಶಾ ಹುಡುಗಿಯ ಮಷೀನು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಅಂಕಿ ತೋರಿಸತೊಡಗಿತ್ತು. ಹುಚ್ಚವ್ವ ಮತ್ತೆ ಶಿಗ್ಗಾಂವಿಗೆ ಹೋದಳು. ಮತ್ತೆ ಔಷಧ, ಮತ್ತೆ ಬಾಕು, ಮತ್ತೆ ಅದೇ ಪ್ರಶ್ನೆ. ಡಾಕ್ಟರು ದೀಪ ಆರಿಸಿ, "ಚುಕ್ಕಿ ಇದ್ದಷ್ಟ ಅದಾವ, ಹೆಚ್ಚಾಗಿಲ್ಲ. ವರ್ಷಕ್ಕೊಮ್ಮೆ ತಪ್ಪದ ಬಂದು ತೋರಸ್ರಿ," ಎಂದರು. ಔಷಧ ಇಳಿದ ಮೇಲೆ ಇನ್ನೊಂದು ದಿನ ಬರಹೇಳಿ ನಂಬರು ತೆಗೆದರು. ಚಸ್ಮಾ ತಯಾರಾಗಿ ಕೈಗೆ ಬಂದದ್ದು ಅದರ ಮುಂದಿನ ವಾರ.

ಅಂಗಡಿಯವನು ಅದನ್ನು ಅವಳ ಕಿವಿಗೆ ಸಿಕ್ಕಿಸಿ ಒಂದು ಹಲಗೆ ಮುಂದೆ ಹಿಡಿದ. ಅಕ್ಷರಗಳು ದೊಡ್ಡವು, ಸಣ್ಣವು, ಅದಕ್ಕಿಂತ ಸಣ್ಣವು, ಎಲ್ಲ ನಿಂತಿದ್ದವು. ಹುಚ್ಚವ್ವ ಸೆರಗಿನ ಅಂಚು ಎತ್ತಿ ನೋಡಿದಳು. ನೇಯ್ಗೆಯ ಎಳೆ ಕಂಡಿತು. ತನ್ನ ಕೈ ನೋಡಿದಳು. ಅದು ತಾನು ನೆನೆದದ್ದಕ್ಕಿಂತ ಬಹಳ ಮುಪ್ಪಾಗಿತ್ತು.

"ಹೆಂಗೈತ್ರಿ?" ಎಂದು ಕೇಳಿ ಅವನು ಉತ್ತರಕ್ಕೆ ಕಾಯದೆ ಮುಂದಿನ ಗಿರಾಕಿಯ ಕಡೆ ತಿರುಗಿದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಭಾಗ್ಯಶ್ರೀಗೆ ಫೋನು ಹಚ್ಚಿದಳು, ರಿಂಗಾಗಿ ನಿಂತಿತು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಹೊತ್ತು. ಶಾಹೀನ ಮಗಳನ್ನು ಬಿಡಲು ಮಗಳ ಅತ್ತೆಯ ಊರಿಗೆ ಹೋಗಿದ್ದಳು. ಅವಳ ಮನೆಯ ಬಾಗಿಲಿಗೂ ಬೀಗವಿತ್ತು. ಹುಚ್ಚವ್ವ ಫೋನನ್ನು ಚೀಲದೊಳಗೆ ಹಾಕಿದಳು. ಹೇಳಬೇಕಾದ ಮಾತು ಒಳಗೇ ಕುದಿಯುತ್ತಿತ್ತು.

"ಆಧಾರ ತೋರಸ್ರಿ ಅವ್ವಾರ. ಎಲ್ಲಿಗೆ?" ಕಂಡಕ್ಟರ ಬಂದ.

"ಸವಣೂರಿಗ್ರಿ."

ಅವನು ಹೆಂಗಸರಿಗೆ ಕೊಡುವ ಉಚಿತ ಟಿಕೇಟು ಹರಿದು ಕೊಟ್ಟ. ಹುಚ್ಚವ್ವ ಅದನ್ನು ಮುಖದ ಮುಂದೆ ಹಿಡಿದು ಗಟ್ಟಿಯಾಗಿ ಓದಿದಳು. "ಶಿಗ್ಗಾಂವ… ಸವಣೂರ… ತಾರೀಖು…" ಓದಿ ತಲೆಯೆತ್ತಿದಳು. "ಕಾಣಾಕತ್ತೈತ್ರಿ."

"ಏನ್ರಿ?"

"ಅಕ್ಷರ. ಸಣ್ಣವೂ ಕಾಣಾಕತ್ಯಾವ. ಹತ್ತರಾನ ಕಾಣಾಕತ್ಯಾವ."

ಕಂಡಕ್ಟರ ಅವಳ ಹೊಸ ಚಸ್ಮಾ ನೋಡಿದ. ಹಲ್ಲು ಬಿಟ್ಟು ನಕ್ಕ. "ಚೊಲೊ ಆತ್ ಬಿಡ್ರಿ. ಆದ್ರ ಅದರಾಗ ಓದೂವಂಥಾದ್ದು ಏನೂ ಬರದಿಲ್ರಿ ಯವ್ವಾ, ಚೀಲದಾಗ ಇಟಗೋರಿ, ಚೆಕಿಂಗ್‌ನವರು ಬಂದ್ರ ತೋರಸಾಕ ಬೇಕು."

ಅವಳಿಗೆ ಇನ್ನೂ ಹೇಳಬೇಕೆನಿಸಿತು, ಚುಕ್ಕಿಗಳು ಹೆಚ್ಚಾಗಿಲ್ಲ ಎಂದು, ಕಣ್ಣು ಉಳಿದವು ಎಂದು. ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದಿನ ಸೀಟಿಗೆ ಹೋಗಿದ್ದ. "ಆಧಾರ, ಆಧಾರ ತಗೀರಿ," ಎನ್ನುತ್ತಿದ್ದ. ಬಸ್ಸು ಊರು ದಾಟಿತು. ಹುಚ್ಚವ್ವ ಟಿಕೇಟನ್ನು ಚೀಲದಲ್ಲಿಡಲಿಲ್ಲ. ಅದನ್ನು ಮತ್ತೊಮ್ಮೆ ಮೇಲಿನಿಂದ, ಈ ಸಲ ಕೆಳಗಿನ ಕೊನೆಯ ಸಾಲಿನ ತನಕ, ತುಟಿಯೊಳಗೆ ಓದುತ್ತ ಹೋದಳು.